ಒಂದೇ ಪುಟ, ಮೂರು ಗ್ರಾಫಿಕ್ಸ್ ವ್ಯವಸ್ಥೆ: ಆರ್‌ನಲ್ಲಿ ಚಿತ್ರ ಜೋಡಿಸಿದ ಲಾಗ್

ಅಂಕಿಅಂಶಗಳ ಕೆಲಸಕ್ಕೆ ಬಳಸುವ ಆರ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬೇಕಾಗಿದ್ದದ್ದು ಇಷ್ಟೇ. ಒಂದು ಗುಡ್ಡದ ಎತ್ತರದ ಅಂಕಿಗಳನ್ನು ಒಂದೇ ಪುಟದಲ್ಲಿ ಮೂರು ರೀತಿ ತೋರಿಸಬೇಕು. ಎಡಕ್ಕೆ ಮೇಲಿಂದ ನೋಡಿದಂತೆ ಬಣ್ಣದ ನಕ್ಷೆ. ಅದರ ಕೆಳಗೆ, ಗುಡ್ಡವನ್ನು ಅಡ್ಡಕ್ಕೆ ಸೀಳಿದರೆ ಕಾಣುವ ಏರಿಳಿತದ ಗೆರೆ. ಬಲಕ್ಕೆ ಮೂರು ಆಯಾಮದ ನೋಟ. ನಕ್ಷೆಯ ಅಡ್ಡ ಅಕ್ಷವೂ ಕೆಳಗಿನ ಗೆರೆಯ ಅಡ್ಡ ಅಕ್ಷವೂ ಕೂದಲೆಳೆಯಷ್ಟೂ ಆಚೀಚೆ ಆಗಬಾರದು. ನಕ್ಷೆಯಲ್ಲಿ ಒಂದು ಜಾಗಕ್ಕೆ ಬೆರಳಿಟ್ಟು ನೇರ ಕೆಳಗೆ ಇಳಿದರೆ ಅದೇ ಜಾಗದ ಎತ್ತರ ಸಿಗಬೇಕು.

ನಕ್ಷೆ ಲ್ಯಾಟಿಸ್ ಎಂಬ ಪ್ಯಾಕೇಜ್‌ನ (ಆರ್‌ಗೆ ಸೇರಿಸಿಕೊಳ್ಳುವ ಸಿದ್ಧ ಕೋಡ್‌ನ ಕಟ್ಟು) ‘ಲೆವೆಲ್‌ಪ್ಲಾಟ್’ನಿಂದ. ಗೆರೆ ಜಿಜಿಪ್ಲಾಟ್2 ಎಂಬ ಇನ್ನೊಂದು ಪ್ಯಾಕೇಜ್‌ನಿಂದ. ಮೂರು ಆಯಾಮದ ನೋಟ ಆರ್‌ನಲ್ಲೇ ಇರುವ ಬೇಸ್ ಗ್ರಾಫಿಕ್ಸ್‌ನ ‘ಪರ್ಸ್ಪ್’ನಿಂದ. ನಕ್ಷೆಯನ್ನೂ ಜಿಜಿಪ್ಲಾಟ್2ರಲ್ಲೇ ಮಾಡಬಹುದಿತ್ತು ಅಲ್ವಾ ಅಂತ ಕೇಳಬಹುದು. ಮಾಡಬಹುದು. ಆದರೆ ಕೆಲಸದ ಜಾಗದಲ್ಲಿ ಹಾಗೆ ಎಲ್ಲ ಒಂದೇ ಕಡೆಯಿಂದ ಬರುವುದಿಲ್ಲ. ಹಳೆಯ ಲ್ಯಾಟಿಸ್ ಕೋಡ್ ಒಬ್ಬರು ಬರೆದಿಟ್ಟಿರುತ್ತಾರೆ, ಯಾವುದೋ ಪ್ಯಾಕೇಜ್‌ನ ‘ಪ್ಲಾಟ್’ ಬೇಸ್‌ನಲ್ಲೇ ಚಿತ್ರ ಬಿಡಿಸುತ್ತದೆ, ಉಳಿದದ್ದು ಜಿಜಿಪ್ಲಾಟ್2. ಜಿಜಿಪ್ಲಾಟ್2ರಲ್ಲಿ ಮೂರು ಆಯಾಮದ ಮೇಲ್ಮೈ ಬಿಡಿಸುವ ಸೌಲಭ್ಯವೇ ಇಲ್ಲ. ಹಾಗಾಗಿ ಇದ್ದದ್ದನ್ನು ಇದ್ದ ಹಾಗೇ ಜೋಡಿಸುವುದು ಕಲಿತರೆ ಲಾಭ ಜಾಸ್ತಿ.

ಅಂಕಿಗಳು ಆರ್ ಜೊತೆಗೇ ಬರುವ ‘ವಾಲ್ಕೇನೋ’ ಮ್ಯಾಟ್ರಿಕ್ಸ್‌ನವು. ಆಕ್ಲೆಂಡ್‌ನ ಮೌಂಗಾ ಫಾವ್ ಎಂಬ ಜ್ವಾಲಾಮುಖಿ ಗುಡ್ಡದ ಎತ್ತರಗಳನ್ನು ಆರ್ ಕಟ್ಟಿದವರಲ್ಲಿ ಒಬ್ಬರಾದ ರಾಸ್ ಇಹಾಕಾ ಒಂದು ಭೂಪಟದಿಂದ ಎತ್ತಿ ದಾಖಲಿಸಿದ್ದು. 87 ಸಾಲು, 61 ಕಾಲಂ, ಪ್ರತಿ ಚೌಕ 10 ಮೀಟರ್‌ಗೆ 10 ಮೀಟರ್. ಅತಿ ತಗ್ಗು 94 ಮೀಟರ್, ಅತಿ ಎತ್ತರ 195 ಮೀಟರ್. ಇವನ್ನು ನಿಖರ ಅಂತ ನಂಬಬೇಡಿ ಎಂದು ಅದರ ಸಹಾಯಪುಟವೇ ಹೇಳುತ್ತದೆ. ನಮ್ಮ ಕೆಲಸಕ್ಕೆ ಅದು ಅಡ್ಡಿಯಿಲ್ಲ.

ಯಾರು ಯಾರ ಕಡೆಯವರು

ಕೈ ಹಾಕುವ ಮೊದಲು ಒಂದು ವಿಷಯ ಬಗೆಹರಿಸಿಕೊಳ್ಳಬೇಕು. ಇದು ತಿಳಿಯದೆ ಪ್ಯಾಕೇಜ್ ಮೇಲೆ ಪ್ಯಾಕೇಜ್ ಇನ್‌ಸ್ಟಾಲ್ ಮಾಡುತ್ತಾ ಹೋದರೆ ದಿನ ಹೋಗುತ್ತದೆ.

ಆರ್‌ನಲ್ಲಿ ಚಿತ್ರ ಬರುವುದು ಒಂದು ಡಿವೈಸ್ ಮೇಲೆ: ಪರದೆಯ ಕಿಟಕಿ, ಪಿಡಿಎಫ್, ಪಿಎನ್‌ಜಿ, ಹೀಗೆ. ಡಿವೈಸ್ ನೋಡಿಕೊಳ್ಳುವ ಎಂಜಿನ್ ಒಂದೇ. ಆದರೆ ಆ ಎಂಜಿನ್ ಮೇಲೆ ಎರಡು ಬೇರೆ ಬೇರೆ ವ್ಯವಸ್ಥೆಗಳು ಕೂತಿವೆ. ಒಂದು ಬೇಸ್ ಗ್ರಾಫಿಕ್ಸ್. ‘ಪ್ಲಾಟ್’, ‘ಹಿಸ್ಟ್’, ‘ಪರ್ಸ್ಪ್’ ಎಲ್ಲ ಅದರವು. ಇನ್ನೊಂದು ಪಾಲ್ ಮರೆಲ್ ಬರೆದ ಗ್ರಿಡ್. ದೀಪಾಯನ್ ಸರ್ಕಾರ್ ಅವರ ಲ್ಯಾಟಿಸ್ ಮತ್ತು ಹ್ಯಾಡ್ಲಿ ವಿಕಮ್ ಅವರ ಜಿಜಿಪ್ಲಾಟ್2, ಎರಡೂ ಗ್ರಿಡ್ ಮೇಲೇ ಕಟ್ಟಿದವು.

ಅಂದರೆ ಹೆಸರಿಗೆ ಮೂರು ವ್ಯವಸ್ಥೆ ಇದ್ದರೂ ನಿಜವಾದ ಬಿರುಕು ಒಂದೇ. ಲ್ಯಾಟಿಸ್ ಮತ್ತು ಜಿಜಿಪ್ಲಾಟ್2 ಒಂದೇ ಭಾಷೆ ಮಾತಾಡುತ್ತವೆ. ಪುಟದ ಮೇಲೆ ‘ವ್ಯೂಪೋರ್ಟ್’ ಎಂಬ ಚೌಕಟ್ಟು ಹಾಕಿ, ಅದರೊಳಗೆ ಇನ್ನೊಂದು ಹಾಕಿ, ಬೇಕಾದ ಕಡೆ ಬಿಡಿಸುತ್ತವೆ. ಬೇಸ್‌ಗೆ ವ್ಯೂಪೋರ್ಟ್ ಅಂದರೆ ಏನೆಂದೇ ಗೊತ್ತಿಲ್ಲ. ಅದರದ್ದು ‘ಪಾರ್’ ಎಂಬ ಸೆಟ್ಟಿಂಗ್ ಫಂಕ್ಷನ್‌ನ ಲೆಕ್ಕ: ಹೊರ ಮಾರ್ಜಿನ್, ಫಿಗರ್ ಜಾಗ, ಒಳಗಿನ ಪ್ಲಾಟ್ ಜಾಗ. ಗ್ರಿಡ್‌ಗೆ ಆ ‘ಪಾರ್’ ಗೊತ್ತಿಲ್ಲ. ಒಂದೇ ಮನೆಯಲ್ಲಿದ್ದೂ ಮಾತು ಬಿಟ್ಟ ಇಬ್ಬರು ಬಾಡಿಗೆದಾರರ ಹಾಗೆ.

ಇದನ್ನು ಕಣ್ಣಾರೆ ನೋಡಬೇಕಾದರೆ ‘ಪಾರ್’ನಲ್ಲಿ ‘ಎಂಎಫ್‌ರೋ’ 1, 2 ಅಂತ ಕೊಟ್ಟು (ಪುಟವನ್ನು 1 ಸಾಲು, 2 ಕಾಲಂ ಆಗಿ ಹಂಚು ಅಂತ), ಒಂದು ಬೇಸ್ ಪ್ಲಾಟ್, ಒಂದು ಜಿಜಿಪ್ಲಾಟ್ ಬಿಡಿಸಿ. ಬೇಸ್ ಎಡ ಅರ್ಧದಲ್ಲಿ ಕೂರುತ್ತದೆ. ಜಿಜಿಪ್ಲಾಟ್ ಬಂದ ಕೂಡಲೇ ಪುಟ ಖಾಲಿಯಾಗಿ ಇಡೀ ಪುಟವನ್ನು ಅದೇ ತುಂಬುತ್ತದೆ. ಜಿಜಿಪ್ಲಾಟ್‌ನ ‘ಪ್ರಿಂಟ್’ ಮೊದಲು ಮಾಡುವ ಕೆಲಸವೇ ‘ಗ್ರಿಡ್.ನ್ಯೂಪೇಜ್’. ‘ಎಂಎಫ್‌ರೋ’ ಅದರ ಕಿವಿಗೇ ಬೀಳುವುದಿಲ್ಲ.

ಹಾಗಾದರೆ ಪುಟದ ಯಜಮಾನಿಕೆ ಯಾರಿಗೆ? ಮೂವರಲ್ಲಿ ಇಬ್ಬರು ಗ್ರಿಡ್‌ನವರು. ಜೊತೆಗೆ ಸೆಂಟಿಮೀಟರ್‌ನಲ್ಲಿ ಜಾಗ ಹೇಳುವ, ಬಿಡಿಸಿದ ಮೇಲೆ ಎಲ್ಲಿ ಬಿತ್ತು ಅಂತ ಕೇಳುವ ಸೌಲಭ್ಯ ಇರುವುದು ಗ್ರಿಡ್‌ನಲ್ಲಿ. ಪುಟ ಗ್ರಿಡ್‌ನದು, ಬೇಸ್ ಅತಿಥಿ ಅಂತ ತೀರ್ಮಾನಿಸಿದೆ. ಮುಂದಿನ ಎಲ್ಲ ಕೆಲಸ ಈ ಒಂದು ತೀರ್ಮಾನದ ಮೇಲೆ ನಿಂತಿದೆ.

ಸುಲಭ ದಾರಿ ಎಲ್ಲಿಯವರೆಗೆ

ಮೊದಲು ಸಿದ್ಧ ಸಾಮಾನು ನೋಡಿದೆ. ಚಿತ್ರಗಳನ್ನು ಜೋಡಿಸಲೆಂದೇ ಇರುವ, ಥಾಮಸ್ ಲಿನ್ ಪೆಡರ್ಸನ್ ಅವರ ಪ್ಯಾಚ್‌ವರ್ಕ್ ಪ್ಯಾಕೇಜ್‌ನಲ್ಲಿ ‘ರ‍್ಯಾಪ್_ಎಲಿಮೆಂಟ್ಸ್’ ಇದೆ. ಬೇಸ್ ಕೋಡ್ ಮುಂದೆ ಒಂದು ಅಲೆಗೆರೆ ಹಾಕಿ ಫಾರ್ಮುಲಾ ರೂಪದಲ್ಲಿ ಕೊಟ್ಟರೆ ಅದನ್ನೂ ತೆಗೆದುಕೊಳ್ಳುತ್ತದೆ. ಕ್ಲಾಸ್ ವಿಲ್ಕಿ ಅವರ ಕೌಪ್ಲಾಟ್‌ನ ‘ಪ್ಲಾಟ್_ಗ್ರಿಡ್’ ಕೂಡ ಹಾಗೇ. ಲ್ಯಾಟಿಸ್ ಚಿತ್ರವನ್ನು ‘ಗ್ರಿಡ್.ಗ್ರ್ಯಾಬ್‌ಎಕ್ಸ್‌ಪ್ರ್’ ಮೂಲಕ ಗ್ರಾಬ್ ಮಾಡಿ ಕೊಡಬಹುದು. ಗ್ರಾಬ್ ಅಂದರೆ ಗ್ರಿಡ್ ಬಿಡಿಸಬಲ್ಲ ವಸ್ತು.

ನಾಲ್ಕು ಸಾಲು ಕೋಡ್‌ನಲ್ಲಿ ಮೂರೂ ಚಿತ್ರ ಒಂದೇ ಪುಟಕ್ಕೆ ಬಂದವು. ಸುಮ್ನೆ ಪಕ್ಕಪಕ್ಕ ಇಟ್ಟರೆ ಸಾಕು ಅನ್ನುವವರಿಗೆ ಇಲ್ಲಿಗೆ ಕೆಲಸ ಮುಗಿಯಿತು. ಅದಕ್ಕಿಂತ ಮುಂದೆ ಹೋಗಬೇಕಾಗಿಯೇ ಇಲ್ಲ.

ನನಗೆ ಸಾಲದ್ದು ಅಕ್ಷದ ಜೋಡಣೆ. ಪ್ಯಾಚ್‌ವರ್ಕ್ ಎರಡು ಜಿಜಿಪ್ಲಾಟ್‌ಗಳ ಪ್ಯಾನೆಲ್ (ಅಕ್ಷಗಳ ಒಳಗೆ ಚಿತ್ರ ಬೀಳುವ ಜಾಗ) ಅಂಚನ್ನು ಚೆನ್ನಾಗಿ ಸರಿಹೊಂದಿಸುತ್ತದೆ, ಏಕೆಂದರೆ ಅವುಗಳ ಒಳಗಿನ ರಚನೆ ಅದಕ್ಕೆ ಗೊತ್ತು. ಲ್ಯಾಟಿಸ್‌ನಿಂದ ಬಂದ ಗ್ರಾಬ್ ಅದರ ಪಾಲಿಗೆ ಮುಚ್ಚಿದ ಡಬ್ಬ. ಪ್ಯಾನೆಲ್ ಜಾಗದಲ್ಲಿ ಇಡು ಅಂದರೆ ಅಕ್ಷ, ಲೇಬಲ್, ಬಣ್ಣದ ಪಟ್ಟಿ ಎಲ್ಲ ಸೇರಿಸಿ ಇಡೀ ಡಬ್ಬವನ್ನೇ ಪ್ಯಾನೆಲ್ ಅಳತೆಗೆ ತೂರಿಸುತ್ತದೆ. ಒಳಗಿನ ನಕ್ಷೆಯ ಎಡ ಅಂಚು ಎಲ್ಲಿ ಬಿತ್ತು ಅನ್ನುವುದು ಯಾರ ಲೆಕ್ಕದಲ್ಲೂ ಇಲ್ಲ. ಅಂಚನ್ನು ಕಣ್ಣಳತೆಯಲ್ಲಿ ತಳ್ಳುತ್ತಾ ಕೂತರೆ ಅಕ್ಷರದ ಗಾತ್ರ ಬದಲಾದ ದಿನ ಎಲ್ಲ ಮತ್ತೆ ಹಾಳು. ಹಾಗಾಗಿ ಕೈಯಿಂದಲೇ ಕಟ್ಟಲು ಕೂತೆ.

ಅಳತೆ ಮೊದಲು, ಚಿತ್ರ ಆಮೇಲೆ

ಜೋಡಣೆಯ ತೊಂದರೆಯ ಮೂಲ ಇದು: ಲ್ಯಾಟಿಸ್, ಜಿಜಿಪ್ಲಾಟ್2 ಎರಡೂ ಪ್ಯಾನೆಲ್ ಅಳತೆಯನ್ನು ಕೊನೆಗೆ ನಿರ್ಧರಿಸುತ್ತವೆ. ಮೊದಲು ಲೇಬಲ್, ಅಕ್ಷದ ಅಂಕಿ, ಮಾರ್ಜಿನ್‌ಗೆ ಜಾಗ ಕೊಟ್ಟು, ಮಿಕ್ಕಿದ್ದೆಲ್ಲ ಪ್ಯಾನೆಲ್‌ಗೆ. ‘1000’ ಅಂತ ಅಂಕಿ ಬಂದರೆ ಪ್ಯಾನೆಲ್ ಕಿರಿದು, ‘5’ ಬಂದರೆ ಅಗಲ. ಇದನ್ನು ತಿರುಗಿಸಬೇಕು. ಪ್ಯಾನೆಲ್ ಅಳತೆಯನ್ನು ನಾವೇ ಸೆಂಟಿಮೀಟರ್‌ನಲ್ಲಿ ಕಟ್ಟಿಹಾಕಬೇಕು. ಲೇಬಲ್‌ಗಳು ಹೊರಗೆ ಎಷ್ಟು ಬೇಕೋ ಅಷ್ಟು ಚಾಚಿಕೊಳ್ಳಲಿ.

ವಾಲ್ಕೇನೋ ಅಂಕಿಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. 87 ಚೌಕಕ್ಕೆ 8.7 ಸೆಂಟಿಮೀಟರ್ ಅಗಲ, 61 ಚೌಕಕ್ಕೆ 6.1 ಸೆಂಟಿಮೀಟರ್ ಎತ್ತರ ಕೊಟ್ಟೆ. ಒಂದು ಚೌಕಕ್ಕೆ ಒಂದು ಮಿಲಿಮೀಟರ್. ನೆಲದ ಮೇಲೆ 10 ಮೀಟರ್, ಕಾಗದದ ಮೇಲೆ 1 ಮಿಲಿಮೀಟರ್, ಅಂದರೆ 1:10,000 ಅಳತೆಯ ನಕ್ಷೆ. ಅಚ್ಚು ಹಾಕಿ ಸ್ಕೇಲ್ ಇಟ್ಟು ಅಳೆಯಬಹುದು.

ಕೆಳಗಿನ ಗೆರೆಯ ಪ್ಯಾನೆಲ್ ಅಗಲವೂ 8.7. ಅದರ ಎತ್ತರಕ್ಕೆ ಲಂಬ ಅಕ್ಷವನ್ನು 90ರಿಂದ 200 ಮೀಟರ್ ಅಂತ ಇಟ್ಟೆ. 110 ಮೀಟರ್ ಅದೇ ಅಳತೆಯಲ್ಲಿ 1.1 ಸೆಂಟಿಮೀಟರ್ ಆಗುತ್ತದೆ, ತೀರಾ ಚಪ್ಪಟೆ. 3.3 ಸೆಂಟಿಮೀಟರ್ ಕೊಟ್ಟೆ. ಎತ್ತರ ಸರಿಯಾಗಿ 3 ಪಟ್ಟು ಹಿಗ್ಗಿದೆ ಅಂತ ಚಿತ್ರದ ಅಡಿಯಲ್ಲಿ ಧೈರ್ಯವಾಗಿ ಬರೆಯಬಹುದು. ‘ಪರ್ಸ್ಪ್’ಗೂ ಇದೇ 3 ಪಟ್ಟು ಕೊಡುವುದು.

ಪುಟ 19 ಸೆಂಟಿಮೀಟರ್ ಅಗಲ, 14 ಸೆಂಟಿಮೀಟರ್ ಎತ್ತರ. ‘ಪಿಡಿಎಫ್’ ಡಿವೈಸ್ ಇಂಚು ಕೇಳುತ್ತದೆ, ಹಾಗಾಗಿ ಎರಡನ್ನೂ 2.54ರಿಂದ ಭಾಗಿಸಿ ಕೊಟ್ಟೆ. ಎಡಕ್ಕೆ 11 ಸೆಂಟಿಮೀಟರ್ ನಕ್ಷೆ ಮತ್ತು ಗೆರೆಗೆ, ಬಲಕ್ಕೆ 8 ಸೆಂಟಿಮೀಟರ್ ಮೂರು ಆಯಾಮಕ್ಕೆ.

ಪುಟ ತೆರೆಯುವುದು ಮತ್ತು ನಕ್ಷೆ

ಡಿವೈಸ್ ತೆರೆದ ಕೂಡಲೇ ಮಾರ್ಜಿನ್‌ಗಳನ್ನು ಸೊನ್ನೆ ಮಾಡಿ ಒಂದು ‘ಪ್ಲಾಟ್.ನ್ಯೂ’ ಕರೆದೆ. ಇದರಿಂದ ಬೇಸ್ ಪಾಲಿಗೆ ಪುಟ ಶುರುವಾದಂತೆ. ಇಲ್ಲಿಂದ ಮುಂದೆ ಯಾರೂ ಹೊಸ ಪುಟ ತೆರೆಯಬಾರದು. ಈ ನಿಯಮವನ್ನು ಪ್ರತಿ ಹೆಜ್ಜೆಯಲ್ಲೂ ಕಾಯಬೇಕು. ಮೂರೂ ವ್ಯವಸ್ಥೆಗಳಿಗೆ ಪುಟ ತಿರುಗಿಸುವ ಚಟ ಇದೆ. ಕೊನೆಗೆ ಪಿಡಿಎಫ್‌ನಲ್ಲಿ ಎರಡು ಪುಟ ಕಂಡರೆ, ಅಥವಾ ಮೊದಲ ಪುಟ ಖಾಲಿ ಬಂದರೆ, ಯಾರೋ ನಿಯಮ ಮುರಿದಿದ್ದಾರೆ ಅಂತಲೇ ಅರ್ಥ.

ಎಡ ಮೇಲ್ಭಾಗಕ್ಕೆ ಒಂದು ವ್ಯೂಪೋರ್ಟ್ ಹಾಕಿದೆ: 11 ಸೆಂಟಿಮೀಟರ್ ಅಗಲ, 8.5 ಸೆಂಟಿಮೀಟರ್ ಎತ್ತರ. ಅದರೊಳಗೆ ‘ಲೆವೆಲ್‌ಪ್ಲಾಟ್’ ಪ್ರಿಂಟ್ ಮಾಡುವಾಗ ‘ನ್ಯೂಪೇಜ್ = ಫಾಲ್ಸ್’. ಮ್ಯಾಟ್ರಿಕ್ಸ್ ಕೊಟ್ಟರೆ ಲೆವೆಲ್‌ಪ್ಲಾಟ್ ಚೌಕದ ಮಧ್ಯಬಿಂದುಗಳನ್ನು 1ರಿಂದ 87 ಅಂತ ಎಣಿಸಿ, ಎರಡೂ ಕಡೆ ಅರ್ಧ ಚೌಕ ಸೇರಿಸಿ ಅಕ್ಷವನ್ನು 0.5ರಿಂದ 87.5ಕ್ಕೆ ನಿಲ್ಲಿಸುತ್ತದೆ. ಈ ಎರಡು ಅಂಕಿ ನೆನಪಿರಲಿ, ಜಿಜಿಪ್ಲಾಟ್‌ಗೂ ಇವೇ ಬೇಕು.

ಇಲ್ಲೊಂದು ಸೂಕ್ಷ್ಮ ಇದೆ. ಮ್ಯಾಟ್ರಿಕ್ಸ್ ಕೊಟ್ಟಾಗ ಲೆವೆಲ್‌ಪ್ಲಾಟ್‌ನ ‘ಆಸ್ಪೆಕ್ಟ್’, ಅಂದರೆ ಅಗಲ-ಎತ್ತರದ ಪ್ರಮಾಣ, ತಾನಾಗಿಯೇ ‘ಐಸೋ’ ಇರುತ್ತದೆ. ಚೌಕ ಚೌಕವಾಗಿಯೇ ಕಾಣಲಿ ಅನ್ನುವುದು ಅದರ ಉದ್ದೇಶ. ಒಳ್ಳೆಯದೇ. ಆದರೆ ಪ್ಯಾನೆಲ್ ಅಳತೆಯನ್ನು ನಾವೇ ಕೊಡುವಾಗ ಇವೆರಡೂ ಒಟ್ಟಿಗೆ ಇರಬಾರದು. ಫಲಿತಾಂಶ ಏನಾಗುತ್ತದೋ ಹೇಳಲಾಗದು ಅಂತ ಲ್ಯಾಟಿಸ್ ಸಹಾಯಪುಟದಲ್ಲೇ ಎಚ್ಚರಿಕೆ ಇದೆ. ಹಾಗಾಗಿ ಆಸ್ಪೆಕ್ಟ್ ಅನ್ನು ‘ಫಿಲ್’ ಮಾಡಿ, ಪ್ರಿಂಟ್ ಮಾಡುವಾಗ ‘ಪ್ಯಾನೆಲ್.ವಿಡ್ತ್’ಗೆ 8.7 ಸೆಂ.ಮೀ., ‘ಪ್ಯಾನೆಲ್.ಹೈಟ್’ಗೆ 6.1 ಸೆಂ.ಮೀ. ಕೊಟ್ಟೆ. 87ಕ್ಕೆ 61ರ ಪ್ರಮಾಣವನ್ನು ನಾವೇ ಕಾಪಾಡಿದ್ದರಿಂದ ಚೌಕಗಳು ಚೌಕವಾಗಿಯೇ ಉಳಿದವು.

ಬಣ್ಣದ ಪಟ್ಟಿ ಸಾಮಾನ್ಯವಾಗಿ ಬಲಕ್ಕೆ ಬರುತ್ತದೆ. ಅದನ್ನು ಮೇಲಕ್ಕೆ ಕಳಿಸಿದೆ. ಕೆಳಗಿನ ಅಕ್ಷದ ಅಂಕಿ ತೆಗೆದುಹಾಕಿದೆ, ಗೆರೆಯ ಚಿತ್ರದ ಅಕ್ಷವೇ ಇಬ್ಬರಿಗೂ ಸಾಕು. ಬಣ್ಣದ ಮೆಟ್ಟಿಲು 90ರಿಂದ 200ರವರೆಗೆ 5 ಮೀಟರ್‌ಗೊಂದು. 22 ಮೆಟ್ಟಿಲಿಗೆ ‘ಎಚ್‌ಸಿಎಲ್.ಕಲರ್ಸ್’ನ ‘ಟೆರೇನ್’ ಬಣ್ಣಗಳು. ಈ ಮೆಟ್ಟಿಲು ಮತ್ತು ಬಣ್ಣಗಳನ್ನು ಬೇರೆ ವೇರಿಯಬಲ್‌ಗಳಲ್ಲಿ ಇಟ್ಟುಕೊಂಡೆ. ಪರ್ಸ್ಪ್‌ಗೂ ಅವೇ ಹೋಗಬೇಕು.

ಸೀಳುವ ಗೆರೆ ಯಾವ ಕಾಲಂನಲ್ಲಿ? ‘ವಿಚ್’ಗೆ ಅತಿ ಎತ್ತರದ ಜಾಗ ಹುಡುಕಲು ಹೇಳಿ, ‘ಎಆರ್‌ಆರ್.ಇಂಡ್ = ಟ್ರೂ’ ಕೊಟ್ಟರೆ ಸಾಲು, ಕಾಲಂ ಎರಡೂ ಸಿಗುತ್ತವೆ. ಆ ಕಾಲಂನ ಮೇಲೆ ಪ್ಯಾನೆಲ್ ಫಂಕ್ಷನ್ ಒಳಗೆ ‘ಪ್ಯಾನೆಲ್.ಆಬ್‌ಲೈನ್’ನಿಂದ ಒಂದು ಕೆಂಪು ಅಡ್ಡಗೆರೆ ಎಳೆದೆ.

ಪ್ಯಾನೆಲ್ ಎಲ್ಲಿ ಬಿತ್ತು ಅಂತ ಕೇಳುವುದು

ನನ್ನ ಮಟ್ಟಿಗೆ ಇಡೀ ಕೆಲಸದ ಸಾರ ಇಲ್ಲಿದೆ. ಲ್ಯಾಟಿಸ್ ತನ್ನ ಚಿತ್ರವನ್ನು 11 ಸೆಂಟಿಮೀಟರ್ ಜಾಗದ ನಡುವೆ ಕೂರಿಸುತ್ತದೆ. ಪ್ಯಾನೆಲ್ ಅಗಲ ನಮಗೆ ಗೊತ್ತು, ಆದರೆ ಎಡ ಅಂಚು ಪುಟದ ಎಡದಿಂದ ಎಷ್ಟು ದೂರ ಅನ್ನುವುದು ಲೇಬಲ್‌ಗಳ ಗಾತ್ರದ ಮೇಲೆ ನಿಂತಿದೆ. ಅದನ್ನು ಊಹಿಸುವ ಅಗತ್ಯವೇ ಇಲ್ಲ. ಲ್ಯಾಟಿಸ್ ಬಿಡಿಸಿದ ಮೇಲೂ ತನ್ನ ವ್ಯೂಪೋರ್ಟ್‌ಗಳನ್ನು ಹೆಸರಿಟ್ಟು ಬಿಟ್ಟು ಹೋಗುತ್ತದೆ. ‘ಟ್ರೆಲ್ಲಿಸ್.ವಿಪಿನೇಮ್’ಗೆ ಪ್ಯಾನೆಲ್, ಕಾಲಂ 1, ಸಾಲು 1 ಅಂದರೆ ಹೆಸರು ಕೊಡುತ್ತದೆ. ‘ಸೀಕ್‌ವ್ಯೂಪೋರ್ಟ್’ ಆ ಹೆಸರಿನ ಒಳಗೆ ಇಳಿಸುತ್ತದೆ. ಅಲ್ಲಿ ನಿಂತು ‘ಡಿವೈಸ್‌ಲಾಕ್’ಗೆ ಎಡ ಕೆಳ ಮೂಲೆ, ಅಂದರೆ 0, 0 ಕೊಟ್ಟರೆ, ಅದು ಇಡೀ ಪುಟದ ಲೆಕ್ಕದಲ್ಲಿ ಎಲ್ಲಿದೆ ಅಂತ ಇಂಚಿನಲ್ಲಿ ಉತ್ತರ ಬರುತ್ತದೆ. ಎರಡೇ ಅಂಕಿ. ಅವನ್ನು ಇಟ್ಟುಕೊಂಡು ‘ಅಪ್‌ವ್ಯೂಪೋರ್ಟ್(0)’ ಕರೆದು ಪುಟದ ಬೇರಿಗೆ, ಅಂದರೆ ಎಲ್ಲಕ್ಕೂ ಹೊರಗಿನ ವ್ಯೂಪೋರ್ಟ್‌ಗೆ, ಮರಳಿದೆ.

ಈಗ ಜಿಜಿಪ್ಲಾಟ್ ಕಡೆ. ಗೆರೆಯ ಚಿತ್ರ ಕಟ್ಟಿ, ‘ಕೋಆರ್ಡ್_ಕಾರ್ಟೀಸಿಯನ್’ನಲ್ಲಿ ಅಡ್ಡ ಮಿತಿ 0.5, 87.5, ಲಂಬ ಮಿತಿ 90, 200, ಜೊತೆಗೆ ‘ಎಕ್ಸ್‌ಪ್ಯಾಂಡ್ = ಫಾಲ್ಸ್’. ಈ ಕೊನೆಯದು ಮರೆತರೆ ಎಲ್ಲ ವ್ಯರ್ಥ. ಜಿಜಿಪ್ಲಾಟ್2 ಅಕ್ಷದ ಎರಡೂ ತುದಿಗೆ ತಲಾ 5 ಶೇಕಡಾ ಸೇರಿಸುತ್ತದೆ. ಬೇಸ್ 4 ಶೇಕಡಾ ಸೇರಿಸುತ್ತದೆ. ಲ್ಯಾಟಿಸ್ ಸಾಮಾನ್ಯ ಅಂಕಿ ಅಕ್ಷಕ್ಕೆ 7 ಶೇಕಡಾ. ಮೂವರೂ ಒಂದೇ ಡೇಟಾ ನೋಡಿದರೂ ಅಕ್ಷದ ಉದ್ದ ಮೂರು ಥರ ಬರುವುದು ಇದಕ್ಕೇ. ಪ್ಯಾನೆಲ್ ಅಂಚು ಸರಿಯಿದ್ದು ಒಳಗಿನ ಗೆರೆ ಮಾತ್ರ ಸರಿದಿದ್ದರೆ ಮೊದಲು ಇಲ್ಲೇ ನೋಡಿ.

‘ಜಿಜಿಪ್ಲಾಟ್‌ಗ್ರಾಬ್’ನಿಂದ ಚಿತ್ರ ಒಂದು ಜಿಟೇಬಲ್ ಆಗುತ್ತದೆ, ಅಂದರೆ ಕಾಲಂ ಮತ್ತು ಸಾಲುಗಳ ಕೋಷ್ಟಕ. ಒಂದು ಕಾಲಂನಲ್ಲಿ ಅಕ್ಷದ ಹೆಸರು, ಇನ್ನೊಂದರಲ್ಲಿ ಅಂಕಿ, ಮತ್ತೊಂದರಲ್ಲಿ ಪ್ಯಾನೆಲ್. ಪ್ಯಾನೆಲ್ ಕಾಲಂ ಅಗಲ ‘1 ನಲ್’ ಅಂತ ಇರುತ್ತದೆ, ಅಂದರೆ ಮಿಕ್ಕಿದ್ದೆಲ್ಲ ನನಗೆ ಅಂತ. ಅದನ್ನು ಅಳಿಸಿ 8.7 ಸೆಂಟಿಮೀಟರ್ ಬರೆದೆ. ಸಾಲಿನ ಎತ್ತರಕ್ಕೆ 3.3. ಪ್ಯಾನೆಲ್ ಯಾವ ಕಾಲಂನಲ್ಲಿದೆ ಅಂತ ಅಂಕಿಯನ್ನು ಗಟ್ಟಿಯಾಗಿ ಬರೆಯಬೇಡಿ. ಜಿಟೇಬಲ್‌ನ ‘ಲೇಔಟ್’ನಲ್ಲಿ ‘ಪ್ಯಾನೆಲ್’ ಅಂತ ಶುರುವಾಗುವ ಹೆಸರು ಹುಡುಕಿ ತೆಗೆದುಕೊಳ್ಳಿ. ಆವೃತ್ತಿ ಬದಲಾದಾಗ ಕಾಲಂಗಳ ಎಣಿಕೆ ಬದಲಾಗಬಹುದು.

ಆಮೇಲೆ ಪ್ಯಾನೆಲ್‌ನ ಎಡಕ್ಕಿರುವ ಎಲ್ಲ ಕಾಲಂಗಳ ಅಗಲ ಕೂಡಿಸಿದೆ. ಮೇಲಿರುವ ಎಲ್ಲ ಸಾಲುಗಳ ಎತ್ತರವನ್ನೂ ಕೂಡಿಸಿದೆ. ಲ್ಯಾಟಿಸ್ ಪ್ಯಾನೆಲ್‌ನ ಎಡ ಅಂಚಿನಿಂದ ಈ ಅಗಲ ಕಳೆದರೆ ಜಿಜಿಪ್ಲಾಟ್ ಎಲ್ಲಿಂದ ಶುರುವಾಗಬೇಕು ಅಂತ ಸಿಗುತ್ತದೆ. ಲ್ಯಾಟಿಸ್ ಪ್ಯಾನೆಲ್‌ನ ತಳದಿಂದ 4 ಮಿಲಿಮೀಟರ್ ಕೆಳಗಿಳಿದು, ಮೇಲಿನ ಸಾಲುಗಳ ಎತ್ತರ ಕೂಡಿಸಿದರೆ ಅದರ ಮೇಲಂಚು. ಆ ಜಾಗಕ್ಕೆ ಎಡ-ಮೇಲು ಮೂಲೆ ಬರುವಂತೆ ವ್ಯೂಪೋರ್ಟ್ ಹಾಕಿ, ಅಗಲ ಮತ್ತು ಎತ್ತರಕ್ಕೆ ಜಿಟೇಬಲ್‌ನ ಒಟ್ಟು ಅಳತೆ ಕೊಟ್ಟು, ‘ಗ್ರಿಡ್.ಡ್ರಾ’ ಮಾಡಿದೆ. ‘ಪ್ರಿಂಟ್’ ಬದಲು ‘ಗ್ರಿಡ್.ಡ್ರಾ’ ಬಳಸಿದ್ದರಿಂದ ಹೊಸ ಪುಟದ ಪ್ರಶ್ನೆಯೇ ಇಲ್ಲ.

ಲೇಬಲ್ ದೊಡ್ಡದಾದರೆ? ಎಡ ಕಾಲಂಗಳ ಮೊತ್ತ ದೊಡ್ಡದಾಗುತ್ತದೆ, ವ್ಯೂಪೋರ್ಟ್ ಅಷ್ಟೇ ಎಡಕ್ಕೆ ಸರಿಯುತ್ತದೆ, ಪ್ಯಾನೆಲ್ ಮಾತ್ರ ಇದ್ದಲ್ಲೇ. ಇದಕ್ಕೇ ಈ ದಾರಿ ನನಗೆ ಇಷ್ಟ.

ಎರಡು ಎಚ್ಚರಿಕೆ. ಅಕ್ಷರದ ಅಗಲ ಡಿವೈಸ್‌ನಿಂದ ಡಿವೈಸ್‌ಗೆ ಬದಲಾಗುತ್ತದೆ. ಹಾಗಾಗಿ ಈ ಅಳತೆಯೆಲ್ಲ ಅದೇ ಪಿಡಿಎಫ್ ತೆರೆದಿರುವಾಗಲೇ ನಡೆಯಬೇಕು. ಯಾವ ಡಿವೈಸೂ ತೆರೆಯದೆ ‘ಜಿಜಿಪ್ಲಾಟ್‌ಗ್ರಾಬ್’ ಕರೆದರೆ ಅಳೆಯಲು ಅದು ತಾನೇ ಒಂದನ್ನು ತೆರೆದುಕೊಳ್ಳುತ್ತದೆ. ಕಮಾಂಡ್ ಲೈನ್‌ನಿಂದ ಸ್ಕ್ರಿಪ್ಟ್ ಓಡಿಸುವವರು ಫೋಲ್ಡರ್‌ನಲ್ಲಿ ‘ಆರ್‌ಪ್ಲಾಟ್ಸ್’ ಅನ್ನುವ ಅನಾಥ ಪಿಡಿಎಫ್ ಕಂಡಿದ್ದರೆ ಅದರ ಹುಟ್ಟು ಹೆಚ್ಚಾಗಿ ಹೀಗೆ. ಎರಡನೆಯದು, ಜಿಜಿಪ್ಲಾಟ್‌ನ ಹಿನ್ನೆಲೆ ಬಿಳಿ ಬಣ್ಣದ್ದು. ಲ್ಯಾಟಿಸ್ ಚಿತ್ರದ ಅಂಚಿನ ಮೇಲೆ ಹತ್ತಿದರೆ ಅದನ್ನು ಮುಚ್ಚಿಬಿಡುತ್ತದೆ. ಥೀಮ್‌ನಲ್ಲಿ ‘ಪ್ಲಾಟ್.ಬ್ಯಾಕ್‌ಗ್ರೌಂಡ್’ ಖಾಲಿ ಮಾಡಿದೆ.

ಸರಿಯಾಗಿ ಕೂತಿದೆಯೇ ಅಂತ ನೋಡಲು ಪುಟದ ಬೇರಿನಲ್ಲಿ ನಿಂತು ನಾಲ್ಕಾರು ತೆಳು ಲಂಬ ಗೆರೆ ಎಳೆದೆ. ಚೌಕ 1, 21, 41, 61, 81ರ ಮಧ್ಯಬಿಂದುಗಳಲ್ಲಿ. ಒಂದು ಚೌಕ ಒಂದು ಮಿಲಿಮೀಟರ್ ಆದ್ದರಿಂದ ಲೆಕ್ಕ ಸಲೀಸು: ಎಡ ಅಂಚಿನಿಂದ 0.5, 20.5, 40.5 ಮಿಲಿಮೀಟರ್, ಹೀಗೆ. ಜಿಜಿಪ್ಲಾಟ್ ಅಕ್ಷದ ಗುರುತುಗಳನ್ನೂ ಅವೇ ಜಾಗಕ್ಕೆ ಇಟ್ಟು 0, 200, 400, 600, 800 ಮೀಟರ್ ಅಂತ ಹೆಸರಿಟ್ಟಿದ್ದೆ. ಪಿಡಿಎಫ್ ಹಿಗ್ಗಿಸಿ ನೋಡಿದರೆ ಪ್ರತಿ ಗೆರೆಯೂ ಅಕ್ಷದ ಗುರುತಿನ ನೆತ್ತಿಗೇ ಇಳಿದಿತ್ತು. ಪರೀಕ್ಷೆಗೆ ಎಳೆದ ಗೆರೆ ಚೆನ್ನಾಗಿ ಕಂಡಿತು, ಬಣ್ಣ ತಿಳಿ ಮಾಡಿ ಅಲ್ಲೇ ಉಳಿಸಿದೆ. ಓದುವವರ ಕಣ್ಣಿಗೂ ದಾರಿ ಆಯಿತು.

ಅತಿಥಿಯನ್ನು ಕೂರಿಸುವುದು

ಬೇಸ್ ಚಿತ್ರವನ್ನು ಗ್ರಿಡ್ ಪುಟಕ್ಕೆ ತರಲು ಎರಡು ದಾರಿ. ಎರಡರ ಹಿಂದೆಯೂ ಪಾಲ್ ಮರೆಲ್ ಅವರ ಕೈ ಇದೆ.

ಗ್ರಿಡ್‌ಗ್ರಾಫಿಕ್ಸ್ ಪ್ಯಾಕೇಜ್ ನಕಲು ಮಾಡುತ್ತದೆ. ಬೇಸ್ ಏನೇನು ಬಿಡಿಸಿತು ಅನ್ನುವ ದಾಖಲೆಯನ್ನು ಓದಿ, ಅದನ್ನೇ ಗ್ರಿಡ್‌ನ ಗೆರೆ, ಅಕ್ಷರ, ಬಹುಭುಜಗಳಾಗಿ ಮತ್ತೆ ಬಿಡಿಸುತ್ತದೆ. ‘ಗ್ರಿಡ್.ಎಕೋ’ ಅದರ ಮುಖ್ಯ ಫಂಕ್ಷನ್. ಪ್ಯಾಚ್‌ವರ್ಕ್ ಬೇಸ್ ಚಿತ್ರವನ್ನು ತೆಗೆದುಕೊಳ್ಳುವುದು ಇದರ ಬೆನ್ನೇರಿಯೇ. ಒಂದು ಸಂಗತಿ ಗೊತ್ತಿರಬೇಕು. ಪರದೆಯ ಕಿಟಕಿ ಈ ದಾಖಲೆ ಇಟ್ಟುಕೊಳ್ಳುತ್ತದೆ, ಪಿಡಿಎಫ್‌ನಂಥ ಫೈಲ್ ಡಿವೈಸ್‌ಗಳು ಇಟ್ಟುಕೊಳ್ಳುವುದಿಲ್ಲ. ಪಿಡಿಎಫ್ ಮೇಲೆಯೇ ಬಿಡಿಸಿ ಎಕೋ ಮಾಡಬೇಕಾದರೆ ಮೊದಲು ‘ಡೆವ್.ಕಂಟ್ರೋಲ್’ನಲ್ಲಿ ‘ಎನೇಬಲ್’ ಹೇಳಬೇಕು. ಅಥವಾ ಚಿತ್ರವನ್ನು ಒಂದು ಫಂಕ್ಷನ್ ಒಳಗೆ ಸುತ್ತಿ ‘ಗ್ರಿಡ್.ಎಕೋ’ಗೆ ಕೊಟ್ಟರೆ ಅದೇ ತೆರೆಮರೆಯಲ್ಲಿ ಬಿಡಿಸಿ ನಕಲು ತೆಗೆಯುತ್ತದೆ.

ಗ್ರಿಡ್‌ಬೇಸ್ ಪ್ಯಾಕೇಜ್ ನಕಲು ಮಾಡುವುದಿಲ್ಲ, ಜಾಗ ತೋರಿಸುತ್ತದೆ. ಈಗ ನಿಂತಿರುವ ವ್ಯೂಪೋರ್ಟ್ ಎಲ್ಲಿದೆ ಅಂತ ‘ಪಾರ್’ಗೆ ಅರ್ಥವಾಗುವ ಅಂಕಿಗಳಲ್ಲಿ ಹೇಳುತ್ತದೆ, ಅಷ್ಟೇ. ‘ಗ್ರಿಡ್‌ಫಿಗ್’ ಕೊಡುವುದು ಫಿಗರ್ ಜಾಗ, ‘ಗ್ರಿಡ್‌ಪಿಎಲ್‌ಟಿ’ ಕೊಡುವುದು ಅಕ್ಷದ ಒಳಗಿನ ಪ್ಲಾಟ್ ಜಾಗ. ಆಮೇಲೆ ಬೇಸ್ ತನ್ನ ಕೈಯಿಂದಲೇ ಬಿಡಿಸುತ್ತದೆ. ನನಗೆ ಇದೇ ಹಿಡಿಸಿತು. ನಡುವೆ ಭಾಷಾಂತರ ಇಲ್ಲ, ಹಾಗಾಗಿ ಬೇಸ್ ಬಿಡಿಸಿದ್ದು ಬೇಸ್ ಬಿಡಿಸಿದ ಹಾಗೇ ಇರುತ್ತದೆ. ಮಿತಿಗಳೂ ಇವೆ. ಓರೆಯಾಗಿ ತಿರುಗಿಸಿದ ವ್ಯೂಪೋರ್ಟ್‌ಗೆ ಇದು ಆಗುವುದಿಲ್ಲ. ಪರದೆಯ ಕಿಟಕಿಯನ್ನು ಹಿಗ್ಗಿಸಿದರೆ ಗ್ರಿಡ್ ಭಾಗ ಸರಿದು ಬೇಸ್ ಭಾಗ ಬೇರೆ ಕಡೆ ಉಳಿಯಬಹುದು, ಏಕೆಂದರೆ ಅಳತೆ ಕರೆದ ಕ್ಷಣದ್ದು. ನೇರವಾಗಿ ಫೈಲ್‌ಗೆ ಬರೆಯುವವರಿಗೆ ಆ ಚಿಂತೆ ಇಲ್ಲ.

ಬಲಕ್ಕೆ 8 ಸೆಂಟಿಮೀಟರ್ ಅಗಲದ ವ್ಯೂಪೋರ್ಟ್ ಹಾಕಿ, ‘ಪಾರ್’ನಲ್ಲಿ ‘ಫಿಗ್’ಗೆ ‘ಗ್ರಿಡ್‌ಫಿಗ್’ನ ಉತ್ತರ, ‘ಮಾರ್’ ನಾಲ್ಕೂ ಸೊನ್ನೆ, ‘ನ್ಯೂ = ಟ್ರೂ’. ಮೂರನ್ನೂ ಒಂದೇ ‘ಪಾರ್’ ಕರೆಯಲ್ಲಿ ಕೊಟ್ಟೆ. ‘ನ್ಯೂ = ಟ್ರೂ’ ಅಂದರೆ ಹೆಸರಿಗೆ ತದ್ವಿರುದ್ಧ, ಹೊಸ ಪುಟ ತೆರೆಯಬೇಡ ಅಂತ. ಮಾರ್ಜಿನ್ ಸೊನ್ನೆ ಮಾಡದಿದ್ದರೆ ಬೇಸ್ ತನ್ನ ಸಾಮಾನ್ಯ ಮಾರ್ಜಿನ್ ಹಾಕುತ್ತದೆ: ಕೆಳಗೆ 5.1, ಎಡಕ್ಕೆ 4.1, ಮೇಲೆ 4.1, ಬಲಕ್ಕೆ 2.1 ಅಕ್ಷರಸಾಲಿನಷ್ಟು. ಸಣ್ಣ ವ್ಯೂಪೋರ್ಟ್‌ನಲ್ಲಿ ಅಷ್ಟು ಜಾಗವೇ ಇರುವುದಿಲ್ಲ. ಮಾರ್ಜಿನ್ ತೀರಾ ದೊಡ್ಡದು ಅನ್ನುವ ಆ ಪ್ರಸಿದ್ಧ ಎರರ್ ಬಂದು ನಿಲ್ಲುತ್ತದೆ.

ಪರ್ಸ್ಪ್‌ಗೆ ಅಡ್ಡ, ಉದ್ದ ಎರಡನ್ನೂ ಮೀಟರ್‌ನಲ್ಲಿ ಕೊಟ್ಟು, ‘ಸ್ಕೇಲ್ = ಫಾಲ್ಸ್’, ‘ಎಕ್ಸ್‌ಪ್ಯಾಂಡ್ = 3’. ಸ್ಕೇಲ್ ಬಿಟ್ಟುಬಿಟ್ಟರೆ ಮೂರೂ ಅಕ್ಷವನ್ನು ಒಂದೇ ಉದ್ದಕ್ಕೆ ಎಳೆದು ಗುಡ್ಡವನ್ನು ಶಿಖರ ಮಾಡಿಬಿಡುತ್ತದೆ.

ಬಣ್ಣ ಕೊಡುವಾಗ ಕೈ ತಡೆಯುವ ಜಾಗ ಒಂದಿದೆ. ಮ್ಯಾಟ್ರಿಕ್ಸ್‌ನಲ್ಲಿ 87ಕ್ಕೆ 61 ಬಿಂದುಗಳಿವೆ. ಆದರೆ ಪರ್ಸ್ಪ್ ಬಣ್ಣ ಹಚ್ಚುವುದು ಬಿಂದುಗಳಿಗಲ್ಲ, ನಾಲ್ಕು ಬಿಂದುಗಳ ನಡುವಿನ ಹಾಳೆಗೆ. ಅಂಥ ಹಾಳೆಗಳು 86ಕ್ಕೆ 60, ಒಟ್ಟು 5160. ಬಿಂದುಗಳ ಬಣ್ಣವನ್ನೇ ಕೊಟ್ಟರೆ ಎರರ್ ಬರುವುದಿಲ್ಲ. ಪ್ರತಿ ಸಾಲಿಗೂ ಬಣ್ಣ ಒಂದೊಂದು ಹೆಜ್ಜೆ ಸರಿಯುತ್ತಾ ಗುಡ್ಡದ ಮೇಲೆ ಓರೆ ಪಟ್ಟೆ ಬೀಳುತ್ತದೆ. ನಾಲ್ಕು ಮೂಲೆಗಳ ಎತ್ತರದ ಸರಾಸರಿ ತೆಗೆದು, ಅದನ್ನು ‘ಕಟ್’ನಿಂದ ಆಗಲೇ ಇಟ್ಟ 22 ಮೆಟ್ಟಿಲಿಗೆ ಹಂಚಿ ಬಣ್ಣ ಆರಿಸಿದೆ. ನಕ್ಷೆಯಲ್ಲಿ ಯಾವ ಎತ್ತರಕ್ಕೆ ಯಾವ ಬಣ್ಣವೋ ಇಲ್ಲೂ ಅದೇ. ಹಾಳೆಗಳ ಅಂಚುಗೆರೆ ಪೂರ್ತಿ ತೆಗೆದರೆ ಕೆಲವು ಪಿಡಿಎಫ್ ವ್ಯೂವರ್‌ಗಳಲ್ಲಿ ಹಾಳೆಗಳ ನಡುವೆ ಬಿಳಿ ಕೂದಲುಗೆರೆ ಕಾಣುತ್ತದೆ. ತೀರಾ ತೆಳುವಾದ ಬೂದು ಅಂಚು ಇಟ್ಟೆ.

ಪರ್ಸ್ಪ್ ಚಿತ್ರ ಬಿಡಿಸಿ ಸುಮ್ಮನಾಗುವುದಿಲ್ಲ, ಒಂದು 4ಕ್ಕೆ 4 ಮ್ಯಾಟ್ರಿಕ್ಸ್ ಹಿಂದಿರುಗಿಸುತ್ತದೆ. ಮೂರು ಆಯಾಮದ ಬಿಂದು ಕಾಗದದ ಮೇಲೆ ಎಲ್ಲಿ ಬೀಳುತ್ತದೆ ಅನ್ನುವ ಲೆಕ್ಕ ಅದು. ಬಹಳ ಜನ ಅದನ್ನು ಹಿಡಿದಿಟ್ಟುಕೊಳ್ಳುವುದೇ ಇಲ್ಲ. ಸೀಳುಗೆರೆಯ 87 ಬಿಂದುಗಳನ್ನು ಆ ಮ್ಯಾಟ್ರಿಕ್ಸ್ ಜೊತೆ ‘ಟ್ರಾನ್ಸ್3ಡಿ’ಗೆ ಕೊಟ್ಟು, ಬಂದ ಉತ್ತರವನ್ನು ‘ಲೈನ್ಸ್’ನಿಂದ ಎಳೆದರೆ ಅದೇ ಕೆಂಪು ಗೆರೆ ಗುಡ್ಡದ ಮೈಮೇಲೆ ಹತ್ತಿಳಿಯುತ್ತದೆ. ಗುಡ್ಡದ ಹಿಂದೆ ಹೋದ ಭಾಗವನ್ನು ಮರೆಮಾಡುವ ಬುದ್ಧಿ ‘ಲೈನ್ಸ್’ಗೆ ಇಲ್ಲ, ಮೇಲೇ ಎಳೆದುಬಿಡುತ್ತದೆ. ಗೆರೆ ಪೂರ್ತಿ ನಮ್ಮ ಕಡೆ ಕಾಣುವಂಥ ‘ಥೀಟಾ’ ಕೋನ ಸಿಗುವವರೆಗೆ ತಿರುಗಿಸಿ ನೋಡಿದೆ.

ಒಂದೇ ಕೈಬರಹ

ಮೂರೂ ಸರಿಯಾದ ಜಾಗದಲ್ಲಿ ಕೂತರೂ ನೋಡಿದ ಕೂಡಲೇ ಮೂರು ಕಡೆಯಿಂದ ಕತ್ತರಿಸಿ ಅಂಟಿಸಿದಂತೆ ಕಂಡಿತು. ಅಕ್ಷರದ ಗಾತ್ರ ಮತ್ತು ಗೆರೆಯ ದಪ್ಪ ಕಾರಣ.

ಬೇಸ್ ಅಕ್ಷರ ಸಾಮಾನ್ಯವಾಗಿ 12 ಪಾಯಿಂಟ್. ಲ್ಯಾಟಿಸ್‌ದೂ 12. ಜಿಜಿಪ್ಲಾಟ್2ರದು 11. ಮೂರನ್ನೂ 9ಕ್ಕೆ ಇಳಿಸಿದೆ: ಪಿಡಿಎಫ್‌ನ ‘ಪಾಯಿಂಟ್‌ಸೈಜ್’, ಲ್ಯಾಟಿಸ್‌ನ ‘ಪಾರ್.ಸೆಟಿಂಗ್ಸ್’ ಒಳಗಿನ ‘ಫಾಂಟ್‌ಸೈಜ್’, ಜಿಜಿಪ್ಲಾಟ್ ಥೀಮ್‌ನ ‘ಬೇಸ್_ಸೈಜ್’. ಅಷ್ಟಕ್ಕೇ ಮುಗಿಯಲಿಲ್ಲ. ಲ್ಯಾಟಿಸ್ ಮತ್ತು ಜಿಜಿಪ್ಲಾಟ್2 ಅಕ್ಷದ ಅಂಕಿಗಳನ್ನು 0.8 ಪಟ್ಟು ಚಿಕ್ಕದಾಗಿ ಬರೆಯುತ್ತವೆ, ಬೇಸ್ ಹಾಗೆ ಮಾಡುವುದಿಲ್ಲ. ಬೇಸ್‌ನಲ್ಲಿ ಅಕ್ಷ ಇರುವ ಚಿತ್ರ ಹಾಕುವವರು ‘ಸೆಕ್ಸ್.ಆಕ್ಸಿಸ್’ಗೆ 0.8 ಕೊಡಿ. ನನ್ನ ಪರ್ಸ್ಪ್‌ನಲ್ಲಿ ಅಕ್ಷದ ಡಬ್ಬವನ್ನೇ ತೆಗೆದಿದ್ದರಿಂದ ಅಗತ್ಯ ಬೀಳಲಿಲ್ಲ. ಇನ್ನೊಂದು ವಿಷಯ: ಬೇಸ್‌ನಲ್ಲಿ ‘ಎಂಎಫ್‌ರೋ’ 2ಕ್ಕೆ 2 ಕೊಟ್ಟರೆ ಅದು ಅಕ್ಷರವನ್ನು ಕೇಳದೆಯೇ 0.83 ಪಟ್ಟು ಕುಗ್ಗಿಸುತ್ತದೆ, 3 ಅಥವಾ ಜಾಸ್ತಿ ಸಾಲೋ ಕಾಲಮ್ಮೋ ಇದ್ದರೆ 0.66. ಗಾತ್ರ ಎಷ್ಟು ಕೊಟ್ಟರೂ ಹೊಂದುತ್ತಿಲ್ಲ ಅನ್ನುವವರು ಇದನ್ನೂ ಪರೀಕ್ಷಿಸಿ.

ಗೆರೆಯ ದಪ್ಪದ ಲೆಕ್ಕ ಇನ್ನೂ ಮಜಾ. ಬೇಸ್ ಮತ್ತು ಲ್ಯಾಟಿಸ್‌ನ ‘ಎಲ್‌ಡಬ್ಲ್ಯುಡಿ’ 1 ಅಂದರೆ ಇಂಚಿನ 96ನೇ ಒಂದು ಭಾಗ. ಜಿಜಿಪ್ಲಾಟ್2ರ ‘ಲೈನ್‌ವಿಡ್ತ್’ ಬೇರೆ ಮಾನ. ಅದನ್ನು ಸುಮಾರು 2.845ರಿಂದ ಗುಣಿಸಿದರೆ ಎಲ್‌ಡಬ್ಲ್ಯುಡಿ ಸಿಗುತ್ತದೆ. ಜಿಜಿಪ್ಲಾಟ್‌ನ ಗೆರೆಗೆ 0.5 ಕೊಟ್ಟೆ, ಅಂದರೆ 1.42 ಎಲ್‌ಡಬ್ಲ್ಯುಡಿ. ನಕ್ಷೆಯ ಕೆಂಪು ಗೆರೆಗೂ ಗುಡ್ಡದ ಕೆಂಪು ಗೆರೆಗೂ 1.42 ಕೊಟ್ಟ ಮೇಲೆ ಮೂರೂ ಒಂದೇ ಪೆನ್ನಿನಲ್ಲಿ ಎಳೆದಂತಾಯಿತು.

ಲೇಬಲ್ ಕನ್ನಡದಲ್ಲಿ ಬೇಕಾದವರಿಗೆ ಒಂದು ಮಾತು. ‘ಪಿಡಿಎಫ್’ ಡಿವೈಸ್‌ಗೆ ಕನ್ನಡ ಬರೆಯಲು ಬರುವುದಿಲ್ಲ. ‘ಕೈರೋ_ಪಿಡಿಎಫ್’ ಬಳಸಿ, ಸಿಸ್ಟಂನಲ್ಲಿರುವ ಕನ್ನಡ ಫಾಂಟ್‌ನ ಹೆಸರು ಕೊಡಿ. ಒತ್ತಕ್ಷರ ಸರಿಯಾಗಿ ಕೂರುತ್ತಿದೆಯೇ ಅಂತ ಒಂದು ಸಣ್ಣ ಚಿತ್ರದಲ್ಲಿ ಮೊದಲೇ ನೋಡಿಕೊಳ್ಳುವುದು ಕ್ಷೇಮ. ಡಿವೈಸ್ ಬದಲಾದರೆ ಅಕ್ಷರದ ಅಗಲ ಬದಲಾಗುತ್ತದೆ, ಆದರೆ ಜೋಡಣೆ ಅಳತೆ ಕೇಳಿಯೇ ಮಾಡಿದ್ದರಿಂದ ಬೇರೇನೂ ಮುಟ್ಟಬೇಕಿಲ್ಲ.

ಬೇರೆ ಚಿತ್ರಕ್ಕೆ ಒಗ್ಗಿಸುವಾಗ

ನನ್ನ ಸ್ಕ್ರಿಪ್ಟ್‌ನಲ್ಲಿ ಪುಟದ ಅಳತೆ, ಪ್ಯಾನೆಲ್ ಅಳತೆ, ಬಣ್ಣದ ಮೆಟ್ಟಿಲು, ಅಕ್ಷರದ ಗಾತ್ರ ಎಲ್ಲ ಮೇಲ್ಗಡೆಯೇ ಇವೆ. ಬಿಡಿಸುವ ಕ್ರಮ ಮಾತ್ರ ಬದಲಿಸಬೇಡಿ: ಮೊದಲು ಲ್ಯಾಟಿಸ್, ಅದರಿಂದ ಅಳತೆ, ಆಮೇಲೆ ಜಿಜಿಪ್ಲಾಟ್, ಕೊನೆಗೆ ಬೇಸ್.

ಬೇಸ್ ಚಿತ್ರವೇ ಜಿಜಿಪ್ಲಾಟ್ ಪ್ಯಾನೆಲ್‌ಗೆ ಹೊಂದಬೇಕಿದ್ದರೆ ‘ಗ್ರಿಡ್‌ಫಿಗ್’ ಬದಲು ‘ಗ್ರಿಡ್‌ಪಿಎಲ್‌ಟಿ’ ಬಳಸಿ. ಹೊಂದಬೇಕಾದ ಪ್ಯಾನೆಲ್‌ನಷ್ಟೇ ಅಗಲದ ವ್ಯೂಪೋರ್ಟ್ ಹಾಕಿದರೆ ಬೇಸ್‌ನ ಅಕ್ಷದ ಒಳಭಾಗ ಅದರಲ್ಲೇ ಕೂರುತ್ತದೆ, ಅಂಕಿಗಳು ಹೊರಗೆ ಚಾಚುತ್ತವೆ. ‘ಎಕ್ಸ್‌ಎಎಕ್ಸ್‌ಎಸ್’ಗೆ ‘ಐ’ ಕೊಟ್ಟು ಆ 4 ಶೇಕಡಾ ಹೆಚ್ಚುವರಿಯನ್ನೂ ತೆಗೆಯಿರಿ.

ಪರ್ಸ್ಪ್ ಜಾಗದಲ್ಲಿ ಬೇಸ್‌ನ ‘ಹೀಟ್‌ಮ್ಯಾಪ್’ ಅಥವಾ ‘ಫಿಲ್ಡ್.ಕಾಂಟೂರ್’ ಇಡುವ ಯೋಚನೆ ಇದ್ದರೆ ಗ್ರಿಡ್‌ಬೇಸ್ ನಡೆಯುವುದಿಲ್ಲ. ಅವೆರಡೂ ಒಳಗೊಳಗೇ ‘ಲೇಔಟ್’ ಕರೆದು ಇಡೀ ಪುಟವನ್ನು ತಾವೇ ಹಂಚಿಕೊಳ್ಳುತ್ತವೆ, ನೀವು ಕೊಟ್ಟ ‘ಫಿಗ್’ ಅಲ್ಲಿಗೇ ಕರಗಿಹೋಗುತ್ತದೆ. ಅಂಥ ಕಡೆ ಫಂಕ್ಷನ್ ಒಳಗೆ ಸುತ್ತಿ ‘ಗ್ರಿಡ್.ಎಕೋ’ಗೆ ಕೊಡುವುದೇ ದಾರಿ. ಅಲ್ಲೂ ‘ನ್ಯೂಪೇಜ್ = ಫಾಲ್ಸ್’ ಬಿಡಬೇಡಿ.